ಹೋದ ಬಸ್ಸೇ ವಾಪಸ್ ಬಂತಾ?

ನಮ್ಮ ಭಾವ ಲಂಡನ್ನಿಗೆ ಹೋಗಿ ಬಂದವ್ರು ಎಲ್ರಿಗೂ ಒಂದೊಂದು ಫ್ರಿಜ್ ಮ್ಯಾಗ್ನೆಟ್ ತಂದಿದ್ರು, ಕೆಂಪು ಡಬಲ್ ಡೆಕರ್ ಬಸ್ಸು. ಚೆನ್ನಾಗೇ ಇತ್ತು, ಅಂಟಿಸಿದ್ದೂ ಆಯ್ತು, ಆಮೇಲೆ ನೀರಿನ ಬಾಟ್ಲು ತಗೊಳ್ಳೋವಾಗ ನೋಡ್ತೀನಿ, ಹಿಂದೆ ಹತ್ತೋ ಜಾಗ ಡ್ರೈವರ್ ಕೂರೋ ಕಡೆಗೇ ಇದೆ! ಅಲ್ಲೂ ನಮ್ಮ ಥರ ಎಡಗಡೆ ಓಡ್ಸೋದು ತಾನೆ, ಇಳಿಯೋನು ನಡುರಸ್ತೆಗೆ ಇಳೀಬೇಕಾ? ಭಾವನ್ನ ಕೇಳಿದ್ರೆ "ನಿನ್ ಫ್ರಿಜ್ ಮೇಲೆ ಯಾರು ಇಳೀತಾರೆ ಮಾರಾಯ, ಸುಮ್ನಿರು" ಅಂದ್ರು. ಮಾತೇನೋ ಸರಿ, ಆದ್ರೆ ನಂಗೆ ಸುಮ್ನಿರೋಕಾಗ್ಲಿಲ್ಲ.

ಯಾಕಂದ್ರೆ ಈ ಕೆಂಪು ಡಬಲ್ ಡೆಕರ್, ಅಂದ್ರೆ ಲಂಡನ್ನಿನ ಹಳೇ ರೂಟ್‌ಮಾಸ್ಟರ್ ಬಸ್ಸಿನ ಮಜಾ ಎಲ್ಲಾ ಇರೋದೇ ಆ ಬಾಗ್ಲಿಲ್ದ ಮೂಲೆಲಿ. ಡ್ರೈವರ್ ಮುಂದೆ ಒಂಟಿ ಕ್ಯಾಬಿನ್ನಲ್ಲಿ ಇಂಜಿನ್ ಪಕ್ಕ ಕೂತಿರ್ತಾನೆ, ಹಿಂದೆ ಕಂಡಕ್ಟರ್‌ದೇ ದರ್ಬಾರು. ಗಂಟೆ ಒಂದ್ಸಲ ಹೊಡೆದ್ರೆ ನಿಲ್ಸು, ಎರಡು ಹೊಡೆದ್ರೆ ರೈಟ್ ರೈಟ್, ಮೂರು ಅಂದ್ರೆ ಬಸ್ ಫುಲ್ಲು, ಹೋಗ್ತಾ ಇರು. 1958ರಿಂದ ಹತ್ತು ವರ್ಷ ಕಟ್ಟಿದ್ರು, ಒಟ್ಟು 2,876 ಬಸ್ಸು, ಮೈಯೆಲ್ಲ ಅಲ್ಯೂಮಿನಿಯಂ, ಆ ಕಾಲಕ್ಕೇ ಪವರ್ ಸ್ಟೀರಿಂಗು. ಕೆಲವಕ್ಕೆ ಲೇಲ್ಯಾಂಡ್ ಇಂಜಿನ್ನೂ ಇತ್ತು, ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಲ್ಲಿರೋ ಲೇಲ್ಯಾಂಡೇ ಅದು. 2005ರ ಡಿಸೆಂಬರ್ 9ಕ್ಕೆ 159ನೇ ನಂಬರ್ ರೂಟಲ್ಲಿ ಕೊನೇ ಮಾಮೂಲಿ ಟ್ರಿಪ್ಪು. ವೀಲ್‌ಚೇರ್ ಹತ್ಸೋಕಾಗಲ್ಲ ಅನ್ನೋದು ಒಂದು ಕಾರಣ, ಅದಕ್ಕೆ ಎದುರು ಮಾತಾಡೋ ಹಾಗಿಲ್ಲ. ಆದ್ರೂ ಅಲ್ಲಿ ಜನ ಸ್ವಂತ ದುಡ್ಡು ಸುರಿದು, ಭಾನುವಾರ ಎಲ್ಲಾ ಗ್ರೀಸ್ ಬಳ್ಕೊಂಡು ಈ ಬಸ್ಸುಗಳನ್ನ ಸಾಕ್ತಾರಲ್ಲ, ಯಾಕೆ? ಕಾರಣ ಇದೆ, ಹೇಳ್ತೀನಿ, ಅದಕ್ಕೆ ಮುಂಚೆ ಆಲ್ಡನ್‌ಹ್ಯಾಂ ವಿಷ್ಯ ಹೇಳ್ಬಿಡ್ತೀನಿ.

ಲಂಡನ್ನಿನ ಉತ್ತರಕ್ಕೆ ಆಲ್ಡನ್‌ಹ್ಯಾಂ ಅಂತ ಭಾರೀ ವರ್ಕ್‌ಶಾಪ್ ಇತ್ತು. ಮೊದ್ಲು ಟ್ಯೂಬ್, ಅಂದ್ರೆ ಲಂಡನ್ನಿನ ಮೆಟ್ರೋ ರೈಲಿನ ಡಿಪೋ ಆಗ್ಲಿ ಅಂತ ಕಟ್ಟಿದ್ದು, ಅದರ ನಾರ್ದರ್ನ್ ಲೈನು ಅಲ್ಲಿ ತನಕ ಬರ್ಲೇ ಇಲ್ಲ, ಯುದ್ಧ ಬಂತು, ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನದ ಕೆಲ್ಸ ನಡೀತು, ಎಲ್ಲಾ ಮುಗಿದ್ಮೇಲೆ ಬಸ್ಸಿನ ಪಾಲಿಗೆ ಬಂತು. ಓವರ್‌ಹಾಲಿಗೆ ಬಂದ ಬಸ್ಸಿನ ಬಾಡಿನ ಕೆಳಗಿನ ಭಾಗದಿಂದ ಬೇರೆ ಮಾಡಿ ಕ್ರೇನಲ್ಲಿ ಎತ್ಕೊಂಡು ಹೋಗ್ತಿದ್ರು, ವಾರಗಟ್ಟಲೆ ಕೆಲ್ಸ. ಅಷ್ಟು ದಿನ ಲೈಸೆನ್ಸ್ ದುಡ್ಡು ದಂಡ ಅಲ್ವಾ? ಅದಕ್ಕೇ ಏನ್ ಮಾಡ್ತಿದ್ರು ಅಂದ್ರೆ, ಬಂದ ಬಸ್ಸಿನ ನಂಬರ್ ಪ್ಲೇಟು, ಲೈಸೆನ್ಸು ಬಿಚ್ಚಿ, ರಿಪೇರಿ ಮುಗ್ಸಿ ರೆಡಿಯಾಗಿ ನಿಂತಿರೋ ಬೇರೆ ಬಸ್ಸಿಗೆ ಹಾಕಿ ಕಳಿಸ್ಬಿಡೋದು! ಲೆಕ್ಕದ ಪುಸ್ತಕದಲ್ಲಿ ಹೋದ ಬಸ್ಸೇ ವಾಪಸ್. ನಿಜವಾಗಿ ಹೋಗಿದ್ದು ಒಳಗೇ ಬಿದ್ದಿರುತ್ತೆ, ಆಮೇಲೆ ಇನ್ಯಾವ್ದೋ ನಂಬರ್ ಹಾಕ್ಕೊಂಡು ಈಚೆ ಬರುತ್ತೆ, ಕಲ್ಯಾಣ ಮಂಟಪದಲ್ಲಿ ಚಪ್ಪಲಿ ಬದಲಾದ ಹಾಗೆ, ಇಲ್ಲಿ ಮಾತ್ರ ಬದಲಾಯ್ಸೋದೇ ರೂಲ್ಸು. 1986ರಲ್ಲಿ ವರ್ಕ್‌ಶಾಪ್ ಮುಚ್ಚಿದ್ರು, ಅಷ್ಟ್ರಲ್ಲಿ ಯಾವ ಬಸ್ ಯಾವ್ದು ಅಂತ ಬ್ರಹ್ಮನಿಗೂ ಗೊತ್ತಾಗದಷ್ಟು ಗೋಜಲು. ಬ್ರಹ್ಮನಿಗೆ ಗೊತ್ತಿಲ್ದೇ ಇರ್ಬಹುದು, ಬಸ್ ಹುಚ್ಚರಿಗೆ ಗೊತ್ತು. ಬಾಡಿ ನಂಬರ್ ಹುಡುಕಿ, ಇದರ ಮೇಲ್ಭಾಗ ಹುಟ್ಟಿದ್ದು ಇಂಥ ಬಸ್ಸಿಗೆ, ಆಮೇಲೆ ಇನ್ನೊಂದಕ್ಕೆ ಹೋಯ್ತು ಅಂತ ಜಾತಕ ಬರೆದಿಡ್ತಾರೆ, ಅಷ್ಟಾದ್ಮೇಲೂ ಸೀಟಿನ ಬಟ್ಟೆ ಡಿಸೈನ್ ಆ ವರ್ಷದ್ದಲ್ಲ ಅಂತ ಜಗಳ.

ಇಂಥವ್ರ ಮೇಲೆ ನಂಗೆ ಸಿಟ್ಟಿಲ್ಲ, ಇವ್ರು ನಮ್ಮವ್ರು. ಸಿಟ್ಟಿರೋದು ಸೀಟು ಕಿತ್ತು ಟೇಬಲ್ ಹಾಕಿ ಕೇಕು ಸ್ಯಾಂಡ್‌ವಿಚ್ಚು ತಿನ್ನಿಸ್ತಾ ಊರು ಸುತ್ತಿಸ್ತಾರಲ್ಲ, ಆ ಟೀ ಬಸ್ಸಿನ ಮೇಲೆ. ಗುಜರಿಗೆ ಹೋಗೋದಕ್ಕಿಂತ ವಾಸಿ ಅಂತಾರೆ, ಇರ್ಬಹುದು, ನಂಗೆ ಹಿಡಿಸಲ್ಲ ಅಷ್ಟೇ. ಬಸ್ ಅಂದ್ರೆ ಟಿಕೆಟ್ ಕೊಟ್ಟು ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕು.

ಈ ಬಸ್ಸುಗಳನ್ನ ಯಾಕೆ ಸಾಕ್ತಾರೆ ಅಂದೆನಲ್ಲ, ಕಾರಣ ಇದೇ, ಇಂಬರ್‌ಗೆ ಹೋಗೋ ಬಸ್ಸು ನೋಡಿ. ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಲ್ಲಿರೋ ಹಳ್ಳಿ ಅದು, 1943ರಲ್ಲಿ ಸೈನ್ಯದ ಟ್ರೈನಿಂಗಿಗೆ ಅಂತ ಎಲ್ರನ್ನೂ ಎಬ್ಬಿಸಿದ್ರು, ವಾಪಸ್ ಬಿಡ್ಲೇ ಇಲ್ಲ. 2009ರಲ್ಲಿ ಒಂದಿಷ್ಟು ಬಸ್ ಪ್ರೇಮಿಗಳು ಶುರು ಮಾಡಿದ್ರು: ಬೇಸಿಗೇಲಿ ಒಂದಿನ ವಾರ್ಮಿನ್‌ಸ್ಟರ್ ಸ್ಟೇಷನ್ನಿಂದ ಅಲ್ಲಿಗೆ ರೂಟ್‌ಮಾಸ್ಟರ್ ಸರ್ವೀಸು, 23ಎ ಅಂತ ರೂಟ್ ನಂಬರ್ರು, ಟೈಮ್‌ಟೇಬಲ್ಲು ಎಲ್ಲಾ ಇದೆ, ಬಂದ ದುಡ್ಡು ದಾನಕ್ಕೆ. ಒಂದಾದ ಮೇಲೊಂದು ಬಸ್ಸು, ಎಲ್ಲಾ ತುಂಬಿರುತ್ತೆ. ನಮ್ಮ ಬಡಾವಣೆಗೆ ರಾತ್ರಿ ಎಂಟರ ಮೇಲೆ ಬಸ್ಸಿಲ್ಲ, ಕೇಳಿದ್ರೆ ಆ ಕಡೆ ಜನ ಇಲ್ಲ ಸಾರ್ ಅಂತಾರೆ. ಇಂಬರಲ್ಲಿ ಎಷ್ಟು ಜನ ಇದಾರಂತೆ?