ಹಳೆಯ ಬಟ್ಟೆ ಎಲ್ಲಿಂದ ತರುವುದು?

ಶಾಲೆಯ ಸಾಹಸ ಶಿಬಿರಕ್ಕೆ ಮಗಳನ್ನು ಕಳುಹಿಸಲು ನನ್ನ ತಕರಾರಿಲ್ಲ. ಹಗ್ಗ ಹಿಡಿದು ಬಂಡೆ ಏರಲಿ, ಕೆಸರಿನಲ್ಲಿ ಹೊರಳಾಡಲಿ. ನನ್ನ ಗೋಳೆಲ್ಲ ಅವರು ಕಳುಹಿಸಿದ ಸಾಮಾನುಪಟ್ಟಿಯದು. ‘ಹಾಳಾದರೂ ಚಿಂತೆಯಿಲ್ಲದ ಹಳೆಯ ಬಟ್ಟೆಗಳು’ ಎಂಬುದು ಮೊದಲ ಸಾಲು. 8 ವರ್ಷದ ಮಗುವಿನ ಹಳೆಯ ಬಟ್ಟೆ ಎಂದರೆ ಮೊಣಕಾಲಿಗೆ ಏರಿದ ಬಟ್ಟೆ! ಹಾಗಾಗಿ ಹಾಳುಮಾಡುವುದಕ್ಕೆಂದೇ ಹೊಸದನ್ನು ಕೊಂಡೆವು. ಜೀನ್ಸ್ ಕೂಡದಂತೆ. ಅದು ಸರಿಯೇ, ನೆನೆದರೆ ಭಾರ, ಬೇಗ ಒಣಗುವುದಿಲ್ಲ, ಮೈ ಥಂಡಿಯಾಗುತ್ತದೆ. ಆದರೆ ಮನೆಯಲ್ಲಿದ್ದ ಗಟ್ಟಿ ಪ್ಯಾಂಟ್ ಅದೊಂದೇ.

ಎಲ್ಲದರ ಮೇಲೂ ಹೆಸರು ಬರೆಯಬೇಕು, ಕಾಲುಚೀಲವನ್ನೂ ಬಿಡದೆ. ನಿದ್ದೆಗೆಟ್ಟು ಬರೆದೆ. ಮರಳಿ ಬಂದ ಚೀಲದಲ್ಲಿ ಯಾರದೋ ಒದ್ದೆ ಟವೆಲ್, ಒಂದಕ್ಕೊಂದು ಸಂಬಂಧವಿಲ್ಲದ ಕಾಲುಚೀಲಗಳು, ಯಾವುದರ ಮೇಲೂ ನಮ್ಮ ಹೆಸರಿಲ್ಲ. ಹಲ್ಲುಜ್ಜುವ ಬ್ರಷ್ ಮಾತ್ರ ಹೊರಟಾಗಿನಷ್ಟೇ ಹೊಸತು (ಅದರ ವಿಚಾರಣೆ ಪ್ರತ್ಯೇಕವಾಗಿ ನಡೆಯಲಿದೆ).

ಇನ್ನು ಶಾಲೆ ಕಳುಹಿಸಿದ ಫೋಟೊಗಳು! ಎಲ್ಲರಿಗೂ ಒಂದೇ ಬಣ್ಣದ ಹೆಲ್ಮೆಟ್, ಎಲ್ಲರ ಬೆನ್ನೂ ಕ್ಯಾಮೆರಾದ ಕಡೆಗೆ. ಹಗ್ಗಕ್ಕೆ ಜೋತುಬಿದ್ದ ಮಗು ನಮ್ಮದೇ ಹೌದೋ ಅಲ್ಲವೋ ಎಂದು ಮನೆಯಲ್ಲಿ ಇನ್ನೂ ವಾಗ್ವಾದ. ಅಲ್ಲಿ ಏನೇನು ಮಾಡಿದಿರಿ ಎಂದು ಅವಳನ್ನೇ ಕೇಳಿದರೆ, ‘ಏನೂ ಇಲ್ಲ, ಮತ್ತೆ ಯಾವಾಗ ಹೋಗುವುದು?’ ಎನ್ನುತ್ತಾಳೆ.