ಟೋಪಿ ಹಿಡಿದವರು, ಟೋಪಿ ಹಾಕಿದವರು

ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದ ಮುಖ್ಯಮಂತ್ರಿ, ಡಗ್ ಫೋರ್ಡ್ ಸಾಹೇಬರು 2025ರ ಜೂನ್‌ನಲ್ಲಿ ಆಡಿದ ಮಾತು ನೆನಪಿದೆಯಲ್ಲ? ಆದಿವಾಸಿಗಳು ಸದಾ ಟೋಪಿ ಕೈಯಲ್ಲಿ ಹಿಡಿದು ಸರ್ಕಾರದ ಮುಂದೆ ಬಂದು ನಿಂತರೆ ಆಗುವುದಿಲ್ಲ ಅಂದರು. ಮಾರನೇ ದಿನವೇ ಕ್ಷಮೆಯನ್ನೂ ಕೇಳಿದರು. ಆ ದೇಶದಲ್ಲಿ ಕ್ಷಮೆಗೆ ಬರಗಾಲವಿಲ್ಲ, ಖಜಾನೆಗೆ ಅದರಿಂದ ಖರ್ಚೂ ಇಲ್ಲ. ಅವರ ಭಾಷೆಯಲ್ಲಿ ಬೇಡುವವರು ಟೋಪಿಯನ್ನು ಹಿಡಿಯುತ್ತಾರೆ, ನಮ್ಮಲ್ಲಿ ಹಾಕುತ್ತಾರೆ. ಈ ಪ್ರಕರಣಕ್ಕೆ ನಮ್ಮ ಕ್ರಿಯಾಪದವೇ ಸರಿ.

ಕಾಗದಪತ್ರ ನೋಡೋಣ. 1840ರ ದಶಕದಲ್ಲಿ ಹ್ಯೂರಾನ್, ಸುಪೀರಿಯರ್ ಸರೋವರಗಳ ಉತ್ತರ ದಡದಲ್ಲಿ ತಾಮ್ರ ಇದೆ ಎಂದು ಸುದ್ದಿಯಾಯಿತು. ಆಗಿನ ಸರ್ಕಾರ ಅಲ್ಲಿನ ಅನಿಶಿನಾಬೆ ಎಂಬ ಆದಿವಾಸಿ ಜನರನ್ನು ಒಂದು ಮಾತೂ ಕೇಳದೆ ಗಣಿ ಪರವಾನಗಿ ಹಂಚಿತು. 1849ರ ನವೆಂಬರಿನಲ್ಲಿ ಮುಖಂಡ ಶಿಂಗ್ವಾಕೋನ್ಸ್ ಮತ್ತು ಸಂಗಡಿಗರು ಮೈಕಾ ಬೇ ಗಣಿಗೆ ಹೋಗಿ ಕೆಲಸ ನಿಲ್ಲಿಸಿದರು. ಆಮೇಲೆ ಸರ್ಕಾರಕ್ಕೆ ಜಮೀನಿಗೊಬ್ಬ ಮಾಲೀಕ ಇದ್ದಾನೆ ಎಂಬ ಜ್ಞಾನೋದಯವಾಯಿತು. ಮೊದಲು ಸೈನ್ಯ ಕಳಿಸಿತು, ಮುಂದಿನ ಸೆಪ್ಟೆಂಬರಿನಲ್ಲಿ ಸೂ ಸೇಂಟ್ ಮರೀ ಊರಿಗೆ ವಿಲಿಯಂ ರಾಬಿನ್ಸನ್ ಅವರನ್ನು ಒಪ್ಪಂದದ ಕಾಗದ ಕೊಟ್ಟು ಕಳಿಸಿತು.

ನೆಲ ಬಿಟ್ಟುಕೊಟ್ಟದ್ದಕ್ಕೆ ಹ್ಯೂರಾನ್ ಕಡೆಯವರಿಗೆ ಇಡುಗಂಟು 2,000 ಪೌಂಡ್, ಆಮೇಲೆ ಅವರೆಲ್ಲರಿಗೂ ಸೇರಿ ಪ್ರತಿವರ್ಷ 600 ಪೌಂಡ್ ವರ್ಷಾಶನ. ತಲಾ 2 ಡಾಲರಿಗೂ ಕಡಿಮೆ. ಕಡಿಮೆಯಾಯಿತು ಅಂದವರ ಬಾಯಿ ಮುಚ್ಚಿಸಲು ಒಂದು ಷರತ್ತು ಸೇರಿಸಿದರು: ನೆಲದ ಆದಾಯ ಹೆಚ್ಚಿ, ಸರ್ಕಾರಕ್ಕೆ ನಷ್ಟವಾಗದಂತೆ ಕೊಡಲು ಸಾಧ್ಯವಾದರೆ ವರ್ಷಾಶನ ಆಗಾಗ ಏರತಕ್ಕದ್ದು. ಆದರೆ ತಲಾ ಒಂದು ಪೌಂಡ್, ಅಂದರೆ 4 ಡಾಲರ್, ಮೀರತಕ್ಕದ್ದಲ್ಲ. ಅಥವಾ ಮಹಾರಾಣಿಯವರು ಕೃಪೆಯಿಂದ ಅಪ್ಪಣೆ ಕೊಡಿಸುವಷ್ಟು ಹೆಚ್ಚಿನ ಮೊತ್ತ.

ಕಿತಾಪತಿ ಇರುವುದು ಆ ‘ಅಥವಾ’ದಲ್ಲಿ. ಸರ್ಕಾರ ಅದರ ಎಡಗಡೆ ಓದಿ ಕಡತ ಮಡಚಿಟ್ಟಿತು. 1875ರಲ್ಲಿ ತಲಾ 4 ಡಾಲರಿಗೆ ಏರಿಸಿದ್ದೇ ಮೊದಲು, ಅದೇ ಕೊನೆ. ವಿಕ್ಟೋರಿಯಾ ಹೋಗಿ ಚಾರ್ಲ್ಸ್ ಪಟ್ಟಕ್ಕೇರಿದರೂ ಒಬ್ಬರೂ ಅಪ್ಪಣೆ ಕೊಡಿಸಲಿಲ್ಲ. ನಮ್ಮ ಮುಜರಾಯಿ ಇಲಾಖೆ ಎಷ್ಟೇ ಗೊಣಗಿದರೂ ದೇವಸ್ಥಾನದ ತಸ್ತೀಕು ಆಗೊಮ್ಮೆ ಈಗೊಮ್ಮೆ ಏರುತ್ತದೆ. ನೌಕರರ ತುಟ್ಟಿಭತ್ಯೆಯಂತೂ ಸರಿಯೇ. ಅನಿಶಿನಾಬೆಯವರ ಮಟ್ಟಿಗೆ ಮಾತ್ರ 1875ರಿಂದ ಕೆನಡಾದಲ್ಲಿ ಬೆಲೆ ಏರಿಲ್ಲ. ಆ ದುಡ್ಡಿಗೆ ಇವತ್ತು ಒಂದು ಕಾಫಿ, ಕ್ಯಾಷಿಯರ್ ಮುಖ ನೋಡಿ ಒಂದು ಡೋನಟ್.

ನಾಲ್ಕು ಡಾಲರ್ ಅಂದಾಗ ಇದನ್ನು ಹೇಳದೆ ಇರಲಾರೆ. ಕೆನಡಾದಲ್ಲಿ ಒಂದು ಕಾಲಕ್ಕೆ 4 ಡಾಲರಿನ ನೋಟೇ ಇತ್ತು. 1900ರಲ್ಲಿ ಹೊಸದಾಗಿ ಅಚ್ಚು ಹಾಕಿಸಿದಾಗ ಅದರ ಮೇಲೆ ಯಾವ ಚಿತ್ರ ಅನ್ನುತ್ತೀರಿ? ಒಪ್ಪಂದಕ್ಕೆ ಸಹಿ ಬಿದ್ದ ಅದೇ ಸೂ ಸೇಂಟ್ ಮರೀಯ ಹಡಗು ಕಾಲುವೆ. ನದಿಯ ಎರಡೂ ದಡದಲ್ಲಿ ಕಾಲುವೆ ಇದೆ, ಒಂದು ಕೆನಡಾದ್ದು, ಇನ್ನೊಂದು ಅಮೆರಿಕದ್ದು. ಪುಣ್ಯಾತ್ಮರು ತಮ್ಮ ನೋಟಿನ ಮೇಲೆ ಅಮೆರಿಕದ ಕಾಲುವೆ ಅಚ್ಚು ಹಾಕಿಸಿದ್ದರು! ಮರ್ಯಾದೆ ಪ್ರಶ್ನೆ ನೋಡಿ, 1902ರಲ್ಲಿ ತಿದ್ದಿದ ನೋಟು ಬಂತು. ಚಿತ್ರ ತಪ್ಪಾದರೆ ಎರಡು ವರ್ಷ. ಮೊತ್ತ ತಪ್ಪಾದರೆ ಒಂದೂವರೆ ಶತಮಾನ, ಅದೂ ಕೋರ್ಟಿನಿಂದ ಹೇಳಿಸಿಕೊಂಡ ಮೇಲೆ.

ಹಾಗಂತ ಕೆನಡಾದವರಿಗೆ ಕೃತಜ್ಞತೆ ಇಲ್ಲ ಅನ್ನಬೇಡಿ. ಸಭೆ, ಸಮಾರಂಭ, ಶಾಲೆಯ ಬೆಳಗಿನ ಪ್ರಕಟಣೆ, ಎಲ್ಲದರ ಮುಂಚೆ ‘ನಾವು ಇಂಥವರ ಸಾಂಪ್ರದಾಯಿಕ ನೆಲದ ಮೇಲೆ ಸೇರಿದ್ದೇವೆ’ ಎಂದು ಗಂಭೀರವಾಗಿ ಓದುತ್ತಾರೆ. ಇದು ಪಕ್ಕಾ ಸಂಕಲ್ಪ. ಅಲ್ಲಿಗೆ ಹೋದ ನಮ್ಮ ಪುರೋಹಿತರು ಜಂಬೂದ್ವೀಪ ಬಿಟ್ಟು ‘ಕ್ರೌಂಚದ್ವೀಪೇ ರಮಣಕವರ್ಷೇ’ ಅನ್ನುತ್ತಾರೆ, ಇವರು ‘ಮಿಸಿಸಾಗಾ ಜನರ ನೆಲೇ’ ಅನ್ನುತ್ತಾರೆ. ವ್ಯತ್ಯಾಸ ಇಷ್ಟೇ: ನಮ್ಮ ಸಂಕಲ್ಪದ ಕೊನೆಗೆ ಒಂದು ಉದ್ಧರಣೆ ನೀರನ್ನಾದರೂ ಬಿಡುತ್ತೇವೆ. ಬೆಂಗಳೂರಿಂದ ಹೋಗಿ ಟೊರೊಂಟೊ ಪಕ್ಕದ ಮಿಸಿಸಾಗಾ ಊರಿನಲ್ಲಿ ಮನೆ ಕೊಂಡ ಕನ್ನಡಿಗರು ಖಾತೆ, ಇ.ಸಿ. ನೋಡದೆ ಸೈಟಿಗೆ ಮುಂಗಡ ಕೊಡುವವರಲ್ಲ. ಅವರು ಟೊರೊಂಟೊದ ಮೂಲ ಕ್ರಯಪತ್ರವನ್ನೂ ಒಮ್ಮೆ ನೋಡಬೇಕು. 1787ರ ಆ ಪತ್ರದಲ್ಲಿ ಚೆಕ್ಕುಬಂದಿ ಇರಬೇಕಾದ ಕಡೆ ಖಾಲಿ. ಮಿಸಿಸಾಗಾ ಮುಖಂಡರು ಸಹಿಯಾಗಿ ಹಾಕಿದ ಕುಲಚಿಹ್ನೆಗಳು ಬೇರೆ ಚೀಟಿಗಳಲ್ಲಿದ್ದು, ಆಮೇಲೆ ಅಂಟಿಸಿದವು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಬ್ರೋಕರು ಕೂಡ ಇಷ್ಟು ಧೈರ್ಯ ಮಾಡಲಾರ. 1805ರಲ್ಲಿ ಹೊಸ ಪತ್ರ ಮಾಡಿ 10 ಶಿಲ್ಲಿಂಗ್ ಕೊಟ್ಟರು. ಲೆಕ್ಕ ಚುಕ್ತಾ ಆಗಿದ್ದು 2010ರಲ್ಲಿ, 14.5 ಕೋಟಿ ಡಾಲರಿಗೆ.

ಸರೋವರದ ದಡಕ್ಕೇ ವಾಪಸು ಬರೋಣ. 1883ರಲ್ಲಿ ರೈಲುಹಾದಿ ಹಾಕುವಾಗ ಸಡ್ಬರಿಯಲ್ಲಿ ಅದಿರು ಕಾಣಿಸಿತು. ನಿಕ್ಕಲ್, ತಾಮ್ರ, ಮುಂದೆ ಎಲಿಯಟ್ ಲೇಕಿನ ಯುರೇನಿಯಂ, ಉದ್ದಕ್ಕೂ ಮರ. ಸಡ್ಬರಿಯಲ್ಲಿ 5 ಸೆಂಟಿನ ನಾಣ್ಯದ 9 ಮೀಟರ್ ಎತ್ತರದ ಪ್ರತಿಮೆ ಇದೆ, ಪ್ರವಾಸಿಗರು ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೆಲ ಕೊಟ್ಟವರ ವರ್ಷಾಶನ ಅಂಥ 80 ನಾಣ್ಯ. ಪ್ರತಿಮೆ ಗಾತ್ರದ್ದಲ್ಲ, ಜೇಬಿನ ಗಾತ್ರದ್ದು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಏರಿಸಿ ಅಂತ ಯಾರನ್ನು ಕೇಳಬೇಕು? 1867ರ ಸಂವಿಧಾನದಲ್ಲಿ ನೆಲ, ಗಣಿ, ಕಾಡು ಪ್ರಾಂತ್ಯದ ಪಾಲಿಗೆ. ಆದಿವಾಸಿಗಳು ಕೇಂದ್ರದ ಪಾಲಿಗೆ. ಅಂದರೆ ಹಸು ದೊಡ್ಡಣ್ಣನಿಗೆ, ಅಮ್ಮನನ್ನು ನೋಡಿಕೊಳ್ಳುವುದು ಚಿಕ್ಕವನಿಗೆ. ಹಾಲು ಕರೆಯುವವನು ಅಮ್ಮನ ವಿಚಾರ ತಮ್ಮನನ್ನು ಕೇಳಿ ಅಂದ. ತಮ್ಮ, ಹಸು ಅಣ್ಣನ ಕೊಟ್ಟಿಗೆಯಲ್ಲಿದೆ ನೋಡಿ ಅಂದ. ಹೆಚ್ಚಿನ ವರ್ಷಾಶನ ಯಾರ ಲೆಕ್ಕಕ್ಕೆ ಎಂದು ಇಬ್ಬರೂ 1890ರ ದಶಕದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ಆಗಿನ ಕೊನೆಯ ಕೋರ್ಟಿನವರೆಗೂ ಹೋಗಿ ಜಗಳವಾಡಿ ಬಂದರು. ಆ ಕೇಸಿನಲ್ಲಿ ಅಮ್ಮ ಕಕ್ಷಿದಾರಳೇ ಅಲ್ಲ.

2014ರಲ್ಲಿ ಅನಿಶಿನಾಬೆಯವರೇ ದಾವೆ ಹೂಡಿದರು. ಒಂಟಾರಿಯೊದ ವಾದಗಳಲ್ಲಿ ನನಗೆ ಅತಿ ಇಷ್ಟವಾದದ್ದು: ಕಾಲಮಿತಿ ಮೀರಿದೆ, ತಡವಾಗಿ ಬಂದಿರಿ. ಸಾಲಗಾರನೇ ‘ಇಷ್ಟು ವರ್ಷ ನಾನು ಕೊಡಲಿಲ್ಲ, ಆದ್ದರಿಂದ ಇನ್ನು ಕೇಳುವಂತಿಲ್ಲ’ ಎಂದು ನ್ಯಾಯ ಹೇಳಿದ ಹಾಗೆ. 2024ರ ಜುಲೈ 26ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಇದನ್ನು ತಳ್ಳಿಹಾಕಿತು. ಏರಿಸಬಹುದೇ ಎಂದು ಆಗಾಗ ಪರಿಶೀಲಿಸುವುದು ಕೃಪೆಯಲ್ಲ, ಕರ್ತವ್ಯ ಎಂದಿತು. ತಲಾ 4 ಡಾಲರ್ ಹಂಚುವುದನ್ನು ಒಪ್ಪಂದದ ಅಣಕ ಎಂದು ತೀರ್ಪಿನಲ್ಲೇ ಬರೆಯಿತು. ಅಣಕ ಮಾಡಲು ಸರ್ಕಾರ, ಅದನ್ನು ಅಣಕ ಅನ್ನಲು ಸುಪ್ರೀಂ ಕೋರ್ಟು. ವಿಡಂಬನೆ ಬರೆಯುವವರು ಹೊಟ್ಟೆಗೇನು ಮಾಡಬೇಕು ಸ್ವಾಮಿ?

ಹ್ಯೂರಾನ್ ಕಡೆಯ 21 ಸಮುದಾಯಗಳಿಗೆ ಎರಡೂ ಸರ್ಕಾರ ಅರ್ಧರ್ಧ ಹಾಕಿ 1,000 ಕೋಟಿ ಡಾಲರ್ ಕೊಡುವುದೆಂದು 2023ರಲ್ಲೇ ರಾಜಿಯಾಗಿತ್ತು. ಅದು ಹಿಂದಿನ ಬಾಕಿಗೆ ಮಾತ್ರ. ಈ ಮೊತ್ತ ಕೇಳಿ ‘ಅಬ್ಬಾ, ಅಷ್ಟೊಂದಾ!’ ಅನ್ನುವವರು ಬಾಕಿ ಎಷ್ಟು ವರ್ಷದ್ದು ಅಂತ ಕೇಳುವುದೇ ಇಲ್ಲ. ಆಸ್ತಿ ಪಾಲು ಕೇಳಿದ ಅಕ್ಕನನ್ನು ವರ್ಷಕ್ಕೊಮ್ಮೆ ಅರಿಸಿನ ಕುಂಕುಮ ಕೊಟ್ಟು ಸಾಗಹಾಕಿ, ಕೋರ್ಟಿಗೆ ಹೋದ ದಿನ ‘ದುರಾಸೆ’ ಅನ್ನುವ ಮನೆಗಳು ನಮ್ಮಲ್ಲೇನು ಕಡಿಮೆಯೇ.

ಸಾಹೇಬರು ಟೋಪಿ ಮಾತಾಡಿದ್ದು ಹೊಸ ಗಣಿಗಳ ವಿಷಯಕ್ಕೆ. ಉತ್ತರ ಒಂಟಾರಿಯೊದ ‘ರಿಂಗ್ ಆಫ್ ಫೈರ್’ ಎಂಬ ಸೀಮೆಯಲ್ಲಿ ಕ್ರೋಮೈಟ್, ನಿಕ್ಕಲ್ ಅದಿರು ಇದೆ. ಆ ಮಾತಿಗೆ ಕೆಲವೇ ದಿನ ಮುಂಚೆ ವಿಶೇಷ ಆರ್ಥಿಕ ವಲಯ ಘೋಷಿಸಿ, ಅಲ್ಲಿ ಪ್ರಾಂತ್ಯದ ಕಾನೂನುಗಳಿಂದಲೇ ವಿನಾಯಿತಿ ಕೊಡಬಹುದಾದ ಕಾಯ್ದೆ ಪಾಸಾಗಿತ್ತು. ಮಂಗಳೂರಿನ ಕಡೆಯವರಿಗೆ ಆ ಮೂರು ಪದ ಬಿಡಿಸಿ ಹೇಳಬೇಕಿಲ್ಲ. ಆ ನೆಲ ಬರುವುದು ಆದಿವಾಸಿಗಳ ಜೊತೆಗಿನ 9ನೇ ಒಪ್ಪಂದದ ಕೆಳಗೆ, 1905-06ರದ್ದು. ಕರಾರು ರಾಜಧಾನಿ ಒಟ್ಟಾವಾದಲ್ಲೇ ಬರೆದು ಮುಗಿದಿತ್ತು, ಒಂದಕ್ಷರ ಬದಲಿಸಬಾರದು ಎಂದು ಕಮಿಷನರುಗಳಿಗೆ ತಾಕೀತು. ವರ್ಷಾಶನ ತಲಾ 4 ಡಾಲರ್. ಈ ಸಲ ಏರಿಕೆಯ ಷರತ್ತೇ ಇಲ್ಲ. ಅನುಭವಸ್ಥರ ಡ್ರಾಫ್ಟು.

ಅದೇ ಸೀಮೆಯ ನೆಸ್ಕಾಂಟಾಗಾ ಎಂಬ ಊರಿಗೆ ನಲ್ಲಿ ನೀರು ಕುದಿಸದೆ ಕುಡಿಯಬೇಡಿ ಎಂಬ ಎಚ್ಚರಿಕೆ ಹೊರಟಿದ್ದು 1995ರ ಫೆಬ್ರವರಿಯಲ್ಲಿ. ಸಾಹೇಬರು ಟೋಪಿಯ ಮಾತಾಡುವ ಹೊತ್ತಿಗೆ ಅದಕ್ಕೆ 30 ವರ್ಷ ತುಂಬಿತ್ತು. ಆಗ ಹುಟ್ಟಿದ ಕೂಸಿಗೆ ಈಗ ಕೂಸುಗಳಿರಬಹುದು, ಅವಕ್ಕೂ ಕುದಿಸಿದ ನೀರೇ. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಈ ಜನ ಟೋಪಿ ಹಿಡಿದು ಬರುತ್ತಾರಂತೆ.