ಮುಗಿಯದ ಸಿದ್ಧತೆ

ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗಾಗಿ ಯಾರೋ ಮಾಡಿರುವ ‘ಸಂಪೂರ್ಣ ಸೆಟಪ್’ ವಿಡಿಯೊವೊಂದನ್ನು ಈಗಷ್ಟೇ ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ನೋಡಿದೆ. ಕೋಡ್ ಬರೆಯುವ ಎಡಿಟರಿನ ಥೀಮು, ಅಕ್ಷರಗಳ ಫಾಂಟು, ಕಮಾಂಡ್ ಟೈಪಿಸುವ ಟರ್ಮಿನಲ್‌ಗೆ ಬಣ್ಣ, ಹತ್ತಾರು ಎಕ್ಸ್‌ಟೆನ್ಶನ್‌ಗಳು, ಜೋಡಿ ಮಾನಿಟರ್, ಕೊನೆಗೆ ಕೀಬೋರ್ಡಿನ ಸದ್ದಿನ ಗುಣಗಾನ. ಇಷ್ಟೆಲ್ಲದರ ನಡುವೆ ಆ ಮಹಾನುಭಾವರು ಒಂದೇ ಒಂದು ಪ್ರೋಗ್ರಾಂ ಬರೆದು ಓಡಿಸಿ ತೋರಿಸಲಿಲ್ಲ. ಅದು ಓಡದೆ ಹೋದಾಗ ಯಂತ್ರ ಏನು ಹೇಳುತ್ತದೆ, ಅದನ್ನು ಹೇಗೆ ಓದಬೇಕು ಎಂಬುದಂತೂ ಪ್ರಸ್ತಾಪಕ್ಕೇ ಬರಲಿಲ್ಲ.

ನನ್ನ ಹೊಟ್ಟೆಪಾಡು ಇದೇ ಕಸುಬಿನದು ಎಂದು ಬಲ್ಲ ನೀವು ಕಲಿಯುವ ಹುಡುಗರನ್ನು ನನ್ನ ಬಳಿಗೆ ಕಳಿಸುತ್ತಲೇ ಇರುತ್ತೀರಿ. ಅವರ ಎಡಿಟರುಗಳು ನನ್ನದಕ್ಕಿಂತ ಎಷ್ಟೋ ಚೆಂದವಾಗಿರುತ್ತವೆ. ಆದರೆ ಪರದೆಯ ಮೇಲೆ ಕೆಂಪಕ್ಷರ ಮೂಡಿತೆಂದರೆ ಸಾಕು, ಅದನ್ನು ಓದುವ ಬದಲು ಮುಚ್ಚಲು ಮೌಸಿನತ್ತ ಕೈ ಹೋಗುತ್ತದೆ. ಮೊನ್ನೆ ಬಂದ ಹುಡುಗಿಯೊಬ್ಬಳು, ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಅಂದರೆ ಲೈಬ್ರರಿಗಳನ್ನು, ಪೈಥಾನ್ ಭಾಷೆಗೆ ತಂದು ಹಾಕುವ ‘ಪಿಪ್’ ಬಳಸಿ ‘ರಿಕ್ವೆಸ್ಟ್ಸ್’ ಲೈಬ್ರರಿಯನ್ನು ಹಾಕಿಕೊಂಡಿದ್ದಳು. ಪ್ರೋಗ್ರಾಂ ಮಾತ್ರ ಅಂಥ ಮಾಡ್ಯೂಲೇ ಇಲ್ಲವೆಂದು ಹಟ ಹಿಡಿದಿತ್ತು. ತೆಗೆದು ಮತ್ತೆ ಹಾಕು, ಮತ್ತೆ ತೆಗೆ ಎಂಬ ಸಲಹೆಗಳನ್ನೆಲ್ಲ ಪಾಲಿಸಿ ಸೋತು ಬಂದಿದ್ದಳು. ಪೈಥಾನಿನ ‘ಸಿಸ್’ ಮಾಡ್ಯೂಲನ್ನು ಕರೆದು, ಈಗ ಓಡುತ್ತಿರುವ ಪೈಥಾನ್ ಯಾವ ಫೋಲ್ಡರಿನದು ಎಂದು ಪ್ರಿಂಟ್ ಮಾಡಿಸಿದಾಗ ವಿಷಯ ಹೊರಬಿತ್ತು: ಆ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್‌ಗಳಿದ್ದವು, ಪಿಪ್ ಒಂದಕ್ಕೆ ಬಡಿಸುತ್ತಿತ್ತು, ಎಡಿಟರ್ ಇನ್ನೊಂದನ್ನು ಓಡಿಸುತ್ತಿತ್ತು. ಪ್ರತಿ ಪ್ರಾಜೆಕ್ಟಿಗೂ ಅದರದೇ ಲೈಬ್ರರಿಗಳನ್ನು ಬೇರೆಯಾಗಿಡುವ ‘ವೆನ್ವ್’ ಎಂಬ ಸೌಲಭ್ಯ 2012ರ 3.3ನೇ ಆವೃತ್ತಿಯಿಂದಲೂ ಪೈಥಾನಿನ ಜೊತೆಗೇ ಬರುತ್ತಿದೆ. ಅದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಕಮಾಂಡ್ ಕೊಟ್ಟಾಗ ಯಾವ ಫೋಲ್ಡರುಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂದು ಕಂಪ್ಯೂಟರಿಗೆ ತಿಳಿಸುವ ‘ಪಾತ್’ ಬಗ್ಗೆಯೂ ಹೇಳಿರಲಿಲ್ಲ. ಐಕಾನ್‌ಗಳ ಬಣ್ಣ ಬದಲಿಸುವ ಎಕ್ಸ್‌ಟೆನ್ಶನ್ ಬಗ್ಗೆ ಮಾತ್ರ ಹೇಳಿದ್ದರು.

ಒಳ್ಳೆಯ ಸಲಕರಣೆಯಿದ್ದರೆ ಕೆಲಸ ವೇಗವಾಗಿ ಆಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಯಾರು ಬೇಡವೆಂದರು? ಆದರೆ ನುರಿತವರ ಎಡಿಟರಿನಲ್ಲಿರುವ ಒಂದೊಂದು ಸವಲತ್ತಿನ ಹಿಂದೆಯೂ ಅವರು ನಿಜವಾಗಿ ಅನುಭವಿಸಿದ ಒಂದೊಂದು ಕಿರಿಕಿರಿ ಇರುತ್ತದೆ. ಆ ಕಿರಿಕಿರಿಯ ಪರಿಚಯವೇ ಇಲ್ಲದವರಿಗೆ ಅದರ ಮದ್ದನ್ನು ಮಾತ್ರ ಹಂಚುವುದು ಯಾವ ಸೀಮೆಯ ಉಪಕಾರವೋ ತಿಳಿಯದು. ಎಐ ಇರುವಾಗ ಎರರನ್ನು ನಾವೇಕೆ ಓದಬೇಕು ಎನ್ನುವ ಇನ್ನೊಂದು ಗುಂಪೂ ಇದೆ. ಅದಕ್ಕೆ ಅಂಟಿಸುವ ಮುನ್ನವಾದರೂ ಯಾವ ಭಾಗವನ್ನು ಅಂಟಿಸಬೇಕೆಂದು ತಿಳಿದಿರಬೇಕಲ್ಲ ಸ್ವಾಮಿ!

ನನ್ನ ಈ ಸಿಟ್ಟಿನಲ್ಲಿ ಒಂದು ಪಾಲು ಹೊಟ್ಟೆಕಿಚ್ಚು ಇದೆಯೆಂದೂ ಹೇಳಿಬಿಡುತ್ತೇನೆ. ಇವರಿಗೆ ಸಿಗುತ್ತಿರುವಷ್ಟು ಸ್ಪಷ್ಟವಾದ ಎರರ್ ಸಂದೇಶಗಳು ನಾನು ಕಲಿಯುವಾಗ ಸಿಗುತ್ತಿರಲಿಲ್ಲ. ತೆರೆದ ಆವರಣ ಚಿಹ್ನೆಯನ್ನು ಮುಚ್ಚಲು ಮರೆತರೆ ಹಳೆಯ ಪೈಥಾನ್ ಎಷ್ಟೋ ಬಾರಿ ಏನೂ ತಪ್ಪಿಲ್ಲದ ಮುಂದಿನ ಸಾಲಿನ ಮೇಲೆ ಗೂಬೆ ಕೂರಿಸುತ್ತಿತ್ತು. 2021ರಲ್ಲಿ ಬಂದ 3.10ನೇ ಆವೃತ್ತಿ, ತೆರೆದ ಜಾಗವನ್ನೇ ತೋರಿಸಿ, ಇದನ್ನು ಮುಚ್ಚಿಲ್ಲ ಎಂದು ನೇರವಾಗಿ ಹೇಳುತ್ತದೆ. ಕೋಡಿನಲ್ಲಾಗುವ ಬದಲಾವಣೆಗಳ ಲೆಕ್ಕವಿಡುವ ಗಿಟ್ ಕೂಡ ಹಾಗೆಯೇ: ‘ಗಿಟ್ ಸ್ಟೇಟಸ್’ ಎಂದು ಟೈಪಿಸಿದರೆ ಯಾವ ಫೈಲು ಬದಲಾಗಿದೆ ಎನ್ನುವುದಷ್ಟೇ ಅಲ್ಲ, ಅದನ್ನು ಸೇರಿಸಲು ಯಾವ ಕಮಾಂಡ್, ಬದಲಾವಣೆಯನ್ನು ಕೈಬಿಡಲು ಯಾವ ಕಮಾಂಡ್ ಎಂಬುದನ್ನೂ ಆವರಣದೊಳಗೆ ಬರೆದು ಕೊಡುತ್ತದೆ. ಯಾರೋ ಇಷ್ಟು ಮುತುವರ್ಜಿಯಿಂದ ಬರೆದಿಟ್ಟ ಮಾತುಗಳನ್ನು ಒಮ್ಮೆಯೂ ಓದದೆ, ‘ಗಿಟ್ ಚೀಟ್‌ಶೀಟ್ ಇದ್ದರೆ ಕಳಿಸಿ ಸರ್’ ಎಂದು ನನಗೆ ಸಂದೇಶ ಹಾಕುತ್ತಾರೆ.

ಕಲಿಕೆಯ ಸಾಮಗ್ರಿಯ ವಿಷಯದಲ್ಲೂ ಇದೇ ಗೋಳು. ಪೈಥಾನಿನ ಅಧಿಕೃತ ಟ್ಯುಟೋರಿಯಲ್, ವೆಬ್ ಕಲಿಯುವವರಿಗೆ ಎಂಡಿಎನ್, ಅಭ್ಯಾಸಕ್ಕೆ ಫ್ರೀಕೋಡ್‌ಕ್ಯಾಂಪ್, ಬುನಾದಿ ಗಟ್ಟಿಯಾಗಲಿ ಎನ್ನುವವರಿಗೆ ಹಾರ್ವರ್ಡ್‌ನ ಸಿಎಸ್50 ಪಾಠಗಳು: ಇವೆಲ್ಲ ಉಚಿತವಾಗಿಯೇ ಸಿಗುತ್ತವೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿದು ಮುಗಿಸಿದರೆ ಸಾಕಷ್ಟಾಯಿತು. ನಮ್ಮವರು ನಾಲ್ಕನ್ನೂ ಬುಕ್‌ಮಾರ್ಕ್ ಮಾಡಿ, ಐದನೆಯದನ್ನು ಕೇಳುತ್ತಾರೆ.

ಪಟ್ಟಿಯೇ ಬೇಕೆಂದು ಹಟ ಹಿಡಿಯುವವರಿಗೆ ನನ್ನ ಪಟ್ಟಿ ಇದು: ಒಂದು ಭಾಷೆ, ಯಾವುದೋ ಒಂದು ಎಡಿಟರ್, ಗಿಟ್, ಹೊಸ ಪ್ರಾಜೆಕ್ಟಿಗೊಂದು ಹೊಸ ಫೋಲ್ಡರ್. ಉಳಿದದ್ದು ಬೇಕೆನಿಸಿದಾಗ ಬರಲಿ. ಪೈಥಾನಿನ ಎರರನ್ನು ಕೆಳಗಿನಿಂದ ಮೇಲಕ್ಕೆ ಓದಿ; ಏನಾಯಿತೆಂಬುದು ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಾಯಿತೆಂಬುದು ಅದರ ಮೇಲಿರುತ್ತದೆ. ಅಷ್ಟಾದ ಮೇಲೂ ಬಗೆಹರಿಯದಿದ್ದರೆ ನನಗೆ ಧಾರಾಳವಾಗಿ ಕಳಿಸಿ, ಆದರೆ ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೊ ಬೇಡ. ಅಂಥ ಫೋಟೊಗಳಲ್ಲಿ ತಪ್ಪದೆ ಕತ್ತರಿಸಿ ಹೋಗಿರುವುದು ಆ ಕೊನೆಯ ಸಾಲೇ.